ಡಬ್ಬಿಯ ತಳದಲ್ಲಿ ಊರಿನ ಹೆಸರು

ಮಾತಲೆ, ಶ್ರೀಲಂಕಾ
9 ಜೂನ್ 2024

ಕವನ,

ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯ. ನಮ್ಮ ಯಜಮಾನರು ಆಫ್ತಾಬ್ ನಂಬರನ್ನೂ ಮಾಡಿದ್ದೀಯ, ಪಾಪ, ಅವರು ನಿನಗೇನು ಅನ್ಯಾಯ ಮಾಡಿದ್ದರು? ಇರಲಿ. ಅಂಚೆಯವನನ್ನು ಬ್ಲಾಕ್ ಮಾಡಲು ನಿನ್ನಿಂದ ಆಗುವುದಿಲ್ಲವಲ್ಲ. ನಾನು ಕಾಗದದ ಮೇಲೆ ಇಷ್ಟುದ್ದ ಕನ್ನಡ ಬರೆದದ್ದು ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲೇ ಕೊನೆ, ಅದೂ ನಿನ್ನ ಹಿಂದಿನ ಬೆಂಚಿನಲ್ಲಿ ಕೂತು. ತಪ್ಪಿದ್ದರೆ ತಿದ್ದಿಕೊಂಡು ಓದು. ಆದರೆ ಪೂರ್ತಿ ಓದು.

ಅವತ್ತು ಫೋನಿನಲ್ಲಿ ನೀನು ಖುಷಿಯಾಗಿ ಹೇಳಿದೆ. ಬೆಂಗಳೂರಿನ ಏಜೆಂಟ್ ರುದ್ರಪ್ರಸಾದ್ ದೊಡ್ಡ ಆರ್ಡರ್ ತಂದಿದ್ದಾರೆ, ಲಂಕೆಗೆ ಅರಗಿನ ಡಬ್ಬಿಗಳು ಬೇಕಂತೆ, ಎರಡು ದೇಶದ ನಡುವೆ ಮುಕ್ತ ವ್ಯಾಪಾರದ ಒಪ್ಪಂದ ಇದೆಯಂತೆ, ಅದಕ್ಕೆ ಸುಂಕದಲ್ಲಿ ರಿಯಾಯಿತಿಯಂತೆ ಎಂದು. ನಾನು ಮಾದರಿಯ ಫೋಟೋ ಕೇಳಿದೆ. ನೋಡಿ, "ಬೇಡ ಕಣೇ, ಇದನ್ನ ಹಿಡೀಬೇಡ" ಅಂದೆ. ನೀನು ಕಾರಣ ಕೇಳದೆ ಫೋನ್ ಇಟ್ಟೆ. ಕೇಳದಿದ್ದರೂ ಹೇಳುತ್ತೇನೆ.

ಆ ಫೋಟೋದಲ್ಲಿರುವ ಡಬ್ಬಿ ನಮ್ಮ ಬೀದಿಯ ಕೊನೆಯ ಮನೆಯದು. ಅಲ್ಲಿ ಕುಸುಮಾವತಿ ಅಂತ ಒಬ್ಬಾಕೆ ಇದ್ದಾಳೆ, ವಯಸ್ಸು ನಿಮ್ಮಮ್ಮನಷ್ಟು. ಲೇತಿನ ಮೇಲೆ ಮರ ತಿರುಗಿಸಿ, ಅರಗಿನ ಕಡ್ಡಿ ಒತ್ತಿ, ತಾಳೆಗರಿಯಿಂದ ಹೊಳಪು ತರುತ್ತಾಳೆ. ಎಲ್ಲ ನಮ್ಮ ಹಾಗೆಯೇ. ಕೆಂಪು, ಹಳದಿ, ಕಪ್ಪು ಪಟ್ಟೆ ಮಾತ್ರ ಅವರ ಮನೆತನದ್ದು. ಇಲ್ಲಿಗೆ ಬಂದ ಹೊಸದರಲ್ಲಿ ಆಫ್ತಾಬ್ ಗಾರ್ಮೆಂಟ್ ಫ್ಯಾಕ್ಟರಿಗೆ ಹೋದಮೇಲೆ ನಾನು ಸುಮ್ಮನೆ ಬೀದಿ ಸುತ್ತುತ್ತಿದ್ದೆ. ಒಂದು ದಿನ ಬಿಸಿ ಅರಗಿನ ವಾಸನೆ ಬಂತು. ಅವಳ ಮನೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ನಮ್ಮ ಗೊಂಬೆ ಷೆಡ್ಡು ಬಿಟ್ಟು ಬಂದದ್ದು ಆವತ್ತು ಗೊತ್ತಾಯಿತು.

ಇಲ್ಲಿ ಅರಗಿನ ಕೆಲಸ ಮಾಡುವ ಮನೆಗಳನ್ನೆಲ್ಲ ಒಟ್ಟು ಮಾಡಿದರೂ ಚನ್ನಪಟ್ಟಣದ ನಮ್ಮ ಕಲಾನಗರದ ಒಂದು ಬೀದಿ ತುಂಬುವುದಿಲ್ಲ. ನಿಮ್ಮ ಷೆಡ್ಡು ಒಂದು ತಿಂಗಳಲ್ಲಿ ಮಾಡುವ ಡಬ್ಬಿಯನ್ನು ಇವರು ವರ್ಷವೆಲ್ಲ ಕೂತರೂ ಮಾಡಲಾರರು. ಒಪ್ಪಂದವನ್ನು ಇನ್ನೂ ದೊಡ್ಡದು ಮಾಡುವ ಮಾತು ಬಂದಾಗಲೆಲ್ಲ ಇಲ್ಲಿ ಜನ ಬೋರ್ಡು ಹಿಡಿದು ಬೀದಿಗೆ ಇಳಿಯುತ್ತಾರಂತೆ. ಸಹಿ ಇಬ್ಬರದೂ ಇರಬಹುದು, ಆದರೆ ಆನೆ ನಡೆದದ್ದೇ ದಾರಿ ಅನ್ನುವುದು ಇವರ ಭಯ. ನಮ್ಮ ಮರದ ಕುದುರೆ, ನಮ್ಮ ಗಿಲಕಿ ಎಷ್ಟು ಬೇಕಾದರೂ ಕಳಿಸು. ಅವಳ ಪಟ್ಟೆಯನ್ನು ಮಾತ್ರ ಮಾಡಬೇಡ.

ಅಬ್ಬು ದಿನಾ ಷೆಡ್ಡಿಗೆ ಬರುತ್ತಾರಾ? ಮಂಡಿ ನೋವು ಹೇಗಿದೆ? ಅಣ್ಣನನ್ನು ಕೇಳಿದರೆ ಎಲ್ಲಕ್ಕೂ ಚೆನ್ನಾಗಿದ್ದಾರೆ ಅನ್ನುತ್ತಾನೆ. ನೀನಾದರೆ ನಿಜ ಬರೆಯುತ್ತೀಯ.

ನಿನಗಿಂತ ಮೊಂಡಿ,
ಇಕ್ರಾ


ಚನ್ನಪಟ್ಟಣ
2 ಜುಲೈ 2024

ಇಕ್ರಾ,

ಕಾಗದ ಬಂತು. ಅಂಚೆಯವನು "ಫಾರಿನ್ ಸ್ಟಾಂಪ್ ಐತಲ್ಲಕ್ಕ, ನಂಗೆ ಕೊಡಿ, ಮಗ ಕೂಡಾಕ್ತಾನೆ" ಅಂದ. ಹರಿದು ಕೊಟ್ಟೆ. ನಿನ್ನ ಕಾಗದದಲ್ಲಿ ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅದೊಂದೇ.

ಆನೆ ಅಂದೆಯಲ್ಲ, ಯಾರೇ ಆನೆ? ಕಾಗದ ಓದಿ ತಲೆ ಎತ್ತಿ ಷೆಡ್ಡನ್ನು ನೋಡಿದೆ. ಮೂಲೆಯ ಶೀಟು ಸೋರುತ್ತಿತ್ತು, ಅದರ ಕೆಳಗೆ ಬಕೆಟ್ ಇತ್ತು, ಆನೆ ಕಾಣಲಿಲ್ಲ. ಎಕ್ಸ್‌ಪ್ರೆಸ್ ವೇ ಆದಮೇಲೆ ಮೈಸೂರಿಗೆ ಹೋಗುವ ಕಾರುಗಳು ಊರೊಳಗೆ ಬರುವುದೇ ಇಲ್ಲ. ಹಳೇ ಹೈವೇ ಪಕ್ಕದ ಗೊಂಬೆ ಅಂಗಡಿಗಳಲ್ಲಿ ಅರ್ಧ ಬಾಗಿಲು ಹಾಕಿವೆ. ಅದಕ್ಕೂ ಮುಂಚೆ ಪ್ಲಾಸ್ಟಿಕ್ ಗೊಂಬೆ ಬಂತು. ಆಮೇಲೆ ಎಲ್ಲೋ ಮಷೀನಿನಲ್ಲಿ ಕೊರೆದು, ಸ್ಪ್ರೇ ಹೊಡೆದು, ಅದಕ್ಕೆ ಚನ್ನಪಟ್ಟಣದ ಗೊಂಬೆ ಅಂತ ಹೆಸರಿಟ್ಟು ಮಾರುವವರು ಬಂದರು. ಆವಾಗ ನಮಗಾಗಿ ಯಾವ ಊರಿನವರು ಬೋರ್ಡು ಹಿಡಿದು ಬೀದಿಗೆ ಇಳಿದರು? ದೇಶ ದೊಡ್ಡದು ಅಂದರೆ ನಾನೂ ದೊಡ್ಡವಳಾದೆನೇನೇ?

ಈ ಆರ್ಡರ್ ಹೋದರೆ ಷೆಡ್ಡು ಮುಚ್ಚಬೇಕು. ಇದು ಬೆದರಿಕೆ ಅಲ್ಲ, ಇರುವ ಸಂಗತಿ. ಇಲ್ಲಿ ಕೂತಿರುವ ಏಳೆಂಟು ಹೆಂಗಸರು ನಾನು ನೀನು ಸೇರಿ ಕಲಿಸಿದವರು. ನೀನು ಗಂಡನ ಹಿಂದೆ ಹೊರಟೆ. ಹೋಗಬಾರದಿತ್ತು ಅನ್ನಲು ನಾನ್ಯಾರು? ಆದರೆ ನಿನ್ನ ಲೇತು ಖಾಲಿ ಇದ್ದಷ್ಟು ದಿನ ನನಗೆ ಆ ಕಡೆ ನೋಡಲು ಆಗುತ್ತಿರಲಿಲ್ಲ. ಈಗ ಅದರಲ್ಲಿ ಭಾನುಪ್ರಿಯ ಅಂತ ಒಂದು ಹುಡುಗಿ ಕೂರುತ್ತಾಳೆ. ನೀನು ದಡದಲ್ಲಿ ಕೂತು ನನಗೆ ಈಜು ಹೇಳಿಕೊಡುತ್ತಿದ್ದೀಯ. ಅದು ನನಗೆ ನೋವು.

ಇನ್ನು ನಿಮ್ಮ ಅಬ್ಬು ಪೀರ್ ಸಾಬ್ ಉಸ್ತಾದರ ವಿಷಯ. ಮಂಡಿ ನೋವು ಹೆಚ್ಚಾಗಿದೆ, ನಾಲಿಗೆಗೆ ಏನೂ ಆಗಿಲ್ಲ. ಮೊದಲ ಡಬ್ಬಿ ಲೇತಿನಿಂದ ಇಳಿಯಿತು. ಸ್ಟೂಲಿನ ಮೇಲೆ ಕೂತಿದ್ದವರು ಕೈ ಚಾಚಿ ತೆಗೆದುಕೊಂಡು, ತಿರುಗಿಸಿ ನೋಡಿ, "ಇದು ಯಾರ ಪಾಲಮ್ಮ?" ಅಂದರು.

ಉಸ್ತಾದ್ ಪಾಲು ನೆನಪಿದೆ ತಾನೆ? ಹೊಸ ಮಾದರಿ ಕಲಿತರೆ ಮೊದಲ ತುಂಡನ್ನು ಮಾರುವಂತಿಲ್ಲ, ಕಲಿಸಿದ ಕೈಗೇ ಕೊಡಬೇಕು. ಅವರು ಅದನ್ನು ಪಡೆದಮೇಲೆಯೇ ಎರಡನೆಯದಕ್ಕೆ ಮರ ಹಾಕಬೇಕು. ನಾವಿಬ್ಬರೂ ಮಾಡಿದ ಮೊದಲ ಕುಂಕುಮದ ಭರಣಿ ಇವತ್ತಿಗೂ ನಿಮ್ಮ ಮನೆಯಲ್ಲಿ ಏಲಕ್ಕಿ ಡಬ್ಬಿ. ನಾನು ಹೇಳಿದೆ: "ಉಸ್ತಾದ್, ಇದನ್ನ ನಂಗೆ ಯಾರೂ ಕಲಿಸ್ಲಿಲ್ಲ, ಫೋಟೋ ನೋಡಿ ಮಾಡಿದ್ದು."

"ಫೋಟೋಗೆ ಕೈ ಐತೇನಮ್ಮ? ಆ ಫೋಟೋದಾಗಿರೋ ಡಬ್ಬಿನ ಯಾರೋ ಒಬ್ರು ಮಾಡವ್ರಲ್ಲ, ಅವ್ರಿಗೆ ಕೊಡು."

ಅಷ್ಟು ಹೇಳಿ ಬೀಡಿ ಹಚ್ಚಿದರು. ಹೆಂಗಸರೆಲ್ಲ ಲೇತು ನಿಲ್ಲಿಸಿ ನನ್ನ ಮುಖ ನೋಡಿದರು. ಎರಡನೆಯ ಡಬ್ಬಿಗೆ ಒಬ್ಬಳೂ ಮರ ಹಾಕಲಿಲ್ಲ. ಆರ್ಡರ್ ನನ್ನದು, ಷೆಡ್ಡಿನ ಬಾಡಿಗೆ ನನ್ನದು, ಮಾತು ನಡೆಯುವುದು ನಿಮ್ಮಪ್ಪನದು.

ಅದಕ್ಕೆ ಪಾರ್ಸೆಲ್ ಮಾಡಿದ್ದೇನೆ. ನಿನ್ನ ಕುಸುಮಾವತಿಗೆ ಕೊಡು. ಪ್ರೀತಿಯಿಂದ ಕಳಿಸಿದ್ದೇನೆ ಅಂದುಕೊಳ್ಳಬೇಡ. ಅವಳದಕ್ಕಿಂತ ನನ್ನದರಲ್ಲಿ ಹೊಳಪು ಜಾಸ್ತಿ ಇದೆ, ನೋಡಲಿ ಅಂತ.

ಆರ್ಡರ್ ಬಿಡದ,
ಕವನ


ಮಾತಲೆ
11 ಆಗಸ್ಟ್ 2024

ಕವನ,

ಮೊದಲು ಪಾರ್ಸೆಲ್ಲಿನ ಕಥೆ ಕೇಳು. ಅಂಚೆ ಕಚೇರಿಯಲ್ಲಿ ಅದನ್ನು ಬಿಚ್ಚಿಸಿದರು, ತೂಗಿದರು, ಸುಂಕ ಕಟ್ಟಿ ಅಂದರು. ನಾನು ನಿನ್ನ ಏಜೆಂಟನ ಹಾಗೆ ಎದೆ ಉಬ್ಬಿಸಿ, ನಮ್ಮಿಬ್ಬರ ದೇಶಕ್ಕೂ ಮುಕ್ತ ವ್ಯಾಪಾರದ ಒಪ್ಪಂದ ಇದೆ ಅಂದೆ. ಆ ಅಧಿಕಾರಿ ನಕ್ಕ. ಅದೆಲ್ಲ ಇದು ಇಂಥ ದೇಶದಲ್ಲೇ ಹುಟ್ಟಿದ ಸರಕು ಅಂತ ಸರ್ಟಿಫಿಕೇಟು ಹಿಡಿದು ಕಂಟೇನರಿನಲ್ಲಿ ತರುವವರಿಗೆ ತಾಯಿ, ಗೆಳತಿಗೆ ಬಂದ ಡಬ್ಬಿಗಲ್ಲ ಅಂದ. ಕಟ್ಟಿ ಬಿಡಿಸಿಕೊಂಡು ಬಂದೆ.

ಕುಸುಮಾವತಿಯ ಹತ್ತಿರ ಹೋದೆ. ನನ್ನದೂ ಹರಕು ತಮಿಳು, ಅವಳದೂ ಹರಕು ತಮಿಳು, ಅದರಲ್ಲೇ ನಮ್ಮ ಸಂಸಾರ ನಡೆಯುವುದು. ಉಸ್ತಾದ್ ಪಾಲು ಅಂದರೆ ಏನೆಂದು ವಿವರಿಸಿದೆ. ಅವಳು ಕೈ ಒರೆಸಿಕೊಂಡು ಡಬ್ಬಿಯನ್ನು ಬೆಳಕಿಗೆ ಹಿಡಿದಳು. ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು. "ಚೆನ್ನಾಗಿದೆ, ಒಳ್ಳೆ ಕೈ" ಅಂದಳು. ನನಗೆ ಒಳಗೊಳಗೇ ಹೆಮ್ಮೆ ಆಯಿತು, ಯಾಕೆ ಸುಳ್ಳು ಹೇಳಲಿ.

ಆಮೇಲೆ ಡಬ್ಬಿಯನ್ನು ಬೋರಲು ಮಾಡಿದಳು. ತಳದ ಮೇಲೆ ಬೆರಳು ಆಡಿಸಿದಳು. "ಪೇರ್ ಇಲ್ಲೆ?" ಅಂದಳು. ಹೆಸರಿಲ್ಲವಾ ಅಂತ. ಅವಳು ಮಾಡುವ ಪ್ರತಿ ಡಬ್ಬಿಯ ತಳದಲ್ಲೂ ಬಿಸಿ ಅರಗಿಗೆ ಉಗುರು ಒತ್ತಿ ಮನೆತನದ ಗುರುತು ಹಾಕುತ್ತಾಳೆ. ನಾನು ಮಾಡಿದವಳ ಹೆಸರು ಕವನ, ಚನ್ನಪಟ್ಟಣದವಳು ಅಂದೆ. ನೀನು ಹೇಳಿದರೆ ಆಯಿತಾ, ಡಬ್ಬಿ ಹೇಳಬೇಕಲ್ಲ ಅಂದಳು. ಅವಳ ಮಾತನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ: "ಹೆಸರಿದ್ದರೆ ನಾನು ಹಡಗು ಹತ್ತಿ ಬಂದು ಅವಳ ಜುಟ್ಟು ಹಿಡಿದು ಜಗಳ ಆಡುತ್ತಿದ್ದೆ. ಹೆಸರೇ ಇಲ್ಲದವಳ ಹತ್ತಿರ ಜಗಳ ಆಡುವುದು ಹೇಗೆ? ಹೆಸರಿಲ್ಲದವಳ ಪಾಲು ನನಗೆ ಬೇಡ."

ವಾಪಸ್ ಕೊಟ್ಟುಬಿಟ್ಟಳು. ಡಬ್ಬಿ ಈಗ ನನ್ನ ಮನೆಯಲ್ಲಿದೆ.

ಇನ್ನೊಂದು ಮಾತು. ಹೋದ ವಾರ ಕ್ಯಾಂಡಿಗೆ ಹೋಗಿದ್ದೆ. ಪ್ರವಾಸಿಗಳು ಬರುವ ಒಂದು ದೊಡ್ಡ ಅಂಗಡಿಯಲ್ಲಿ ಇದೇ ಪಟ್ಟೆಯ ಡಬ್ಬಿಗಳಿದ್ದವು, ನಿನ್ನ ಏಜೆಂಟು ಬೇರೆ ಯಾರಿಂದಲೋ ಮಾಡಿಸಿದ ಸ್ಯಾಂಪಲ್ ಇರಬೇಕು. ಮರ ನಮ್ಮ ಗೊಂಬೆಗೆ ಹಾಕುವ ಆಲೆ ಮರ, ಮುಟ್ಟಿದರೆ ಗೊತ್ತಾಗುವುದಿಲ್ಲವಾ? ಎಲ್ಲಿಯದು ಅಂತ ಕೇಳಿದೆ. ಅಂಗಡಿಯವನು "ಮಾತಲೆಯದು ಮೇಡಂ, ಇಲ್ಲೇ, ಹಳೇ ಮನೆತನದ ಕೈಕೆಲಸ" ಅಂದ.

ನಿನ್ನ ಕೈಕೆಲಸ ಇಲ್ಲಿ ಯಾರ ಹೆಸರಿನಲ್ಲಿ ಮಾರಾಟವಾಗುತ್ತದೆ ಅನ್ನುವುದು ನಿನಗೆ ಗೊತ್ತಿರಲಿ.

ಇಕ್ರಾ


ಚನ್ನಪಟ್ಟಣ
6 ಸೆಪ್ಟೆಂಬರ್ 2024

ಇಕ್ರಾ,

ಜುಟ್ಟು ಹಿಡಿಯುತ್ತಾಳಂತಾ? ಬರಲಿ. ಉದುರಿ ಉಳಿದದ್ದು ನಾಲ್ಕು ಎಳೆ, ಅದನ್ನೂ ಅವಳೇ ತೆಗೆದುಕೊಂಡು ಹೋಗಲಿ. ನಿನ್ನ ಕಾಗದ ಓದಿ ಎರಡು ದಿನ ಲೇತಿಗೆ ಕೈ ಹಾಕಲಿಲ್ಲ. ಉಸ್ತಾದರಿಗೆ ಹೇಳಿದರೆ "ಸರಿಯಾಗೇ ಹೇಳವ್ಳೆ" ಅಂತ ಅವಳ ಕಡೆಯೇ ಸೇರಿಕೊಂಡರು.

ಮೂರನೆಯ ದಿನ ರುದ್ರಪ್ರಸಾದರೇ ಷೆಡ್ಡಿಗೆ ಬಂದರು, ಕೆಲಸ ಯಾಕೆ ಶುರುವಾಗಿಲ್ಲ ಅಂತ ಕೇಳಲು. ನಾನು ಟೀ ತರಿಸಿ, ತಳದಲ್ಲಿ ನಮ್ಮ ಊರಿನ ಹೆಸರು ಹಾಕಲಾ ಅಂದೆ.

"ಬ್ಯಾಡಿ ಮೇಡಂ. ತಳ ಪ್ಲೇನಾಗಿರ್ಬೇಕು. ಆರ್ಡರ್‌ನಲ್ಲೇ ಐತೆ."

"ಹಂಗಾದ್ರೆ ಕೊಲಂಬೋ ಬಂದರಲ್ಲಿ ಏನ್ ತೋರಿಸ್ತೀರಿ?"

"ಅಲ್ಲಿ ಸರ್ಟಿಫಿಕೇಟ್ ಆಫ್ ಒರಿಜಿನ್ ಐತಲ್ಲ. ಸರಕು ಹುಟ್ಟಿದ್ದು ಇಂಡಿಯಾ, ಚನ್ನಪಟ್ಟಣ ಅಂತ ಬರೀತೀವಿ. ಬರೀದೆ ಇದ್ರೆ ರಿಯಾಯಿತಿ ಎಲ್ಲಿ ಸಿಕ್ತದೆ?"

"ಬಂದರಲ್ಲಿ ಚನ್ನಪಟ್ಟಣ, ಅಂಗಡೀಲಿ ಮಾತಲೆ?"

"ಅದು ಸರ್ಕಾರಕ್ಕೆ, ಇದು ಗಿರಾಕಿಗೆ" ಅಂದರು. ಆರಾಮವಾಗಿ ಬಿಸ್ಕತ್ತನ್ನು ಟೀಗೆ ಅದ್ದಿಕೊಂಡರು. ಅವರಿಗೆ ಇದರಲ್ಲಿ ತಪ್ಪೇನೂ ಕಾಣಲೇ ಇಲ್ಲ.

ನನಗೆ ಸಿಟ್ಟು ಬಂತು, ಆದರೆ ಅವತ್ತು ಬಾಯಿ ಮುಚ್ಚಿಕೊಂಡೆ. ಬೆಂಗಳೂರಿನ ಆ ಮೇಳದಲ್ಲಿ ಯಾರೋ ಸ್ಪ್ರೇ ಹೊಡೆದ ಗೊಂಬೆಗೆ ಚನ್ನಪಟ್ಟಣದ ಲೇಬಲ್ ಅಂಟಿಸಿ ಮಾರುತ್ತಿದ್ದಾಗ ನಾನು ನೀನು ಅದನ್ನು ಕಿತ್ತು ಎಸೆದು ರಂಪ ಮಾಡಿದೆವಲ್ಲ, ಪೊಲೀಸರು ಬಂದರಲ್ಲ, ಅದು ನೆನಪಾಯಿತು. ನಮ್ಮ ಹೆಸರನ್ನು ಇನ್ನೊಬ್ಬರು ಕದ್ದರೆ ಬೀದಿಯಲ್ಲಿ ನಿಂತು ಬೈದವಳು ನಾನು. ಈಗ ನಾನೇ ಹೆಸರಿಲ್ಲದೆ ಇನ್ನೊಬ್ಬಳ ಹೆಸರಿನೊಳಗೆ ನುಸುಳಬೇಕಾ? ಸಾಯಲಿ.

ಮನೆಯಲ್ಲಿ ನಮ್ಮ ಯಜಮಾನ ಶಂಭುಲಿಂಗನಿಗೆ ಹೇಳಿದೆ. ಬಿಡದಿಯ ಕಾರ್ ಫ್ಯಾಕ್ಟರಿಯಿಂದ ಸುಸ್ತಾಗಿ ಬಂದಿದ್ದ. "ನಾವು ಜೋಡ್ಸೋ ಕಾರಿಗೆ ಒಂದೊಂದು ಭಾಗ ಒಂದೊಂದು ದೇಶದಿಂದ ಬತ್ತದೆ. ಅದ್ರಲ್ಲಿ ನನ್ನ ಹೆಸ್ರು ಎಲ್ಲೈತೆ? ಸಂಬಳ ಬಂತಾ, ಸಾಕು" ಅಂದ. ಅವನ ಮಾತೂ ಸುಳ್ಳಲ್ಲ. ಆದರೆ ಅವನು ಕಾರನ್ನು ಮೊದಲಿನಿಂದ ಕೊನೆಯವರೆಗೆ ಒಬ್ಬನೇ ಕೈಯಲ್ಲಿ ತಿರುಗಿಸಿ ಮಾಡುವುದಿಲ್ಲವಲ್ಲ.

ಮಾರನೆಯ ದಿನ ವೆಲ್ಡಿಂಗ್ ಅಂಗಡಿಗೆ ಹೋಗಿ ಒಂದು ಕಬ್ಬಿಣದ ಮುದ್ರೆ ಮಾಡಿಸಿದೆ. ಕನ್ನಡದಲ್ಲಿ ಚನ್ನಪಟ್ಟಣ, ಕೆಳಗೆ ಚಿಕ್ಕದಾಗಿ ಕವನ. ಕಾಯಿಸಿ ಒತ್ತಿದರೆ ಮರ ಸುಟ್ಟು ಹೆಸರು ಕೂರುತ್ತದೆ. ಆ ಮೊದಲ ತುಂಡಿನ ಬದಲಿಗೆ ಇನ್ನೊಂದು ಡಬ್ಬಿ ಮಾಡಿ, ಮುದ್ರೆ ಒತ್ತಿ, ಈ ಕಾಗದದ ಜೊತೆ ಕಳಿಸಿದ್ದೇನೆ. ಮತ್ತೆ ಸುಂಕ ಕಟ್ಟಿ ಬಿಡಿಸಿಕೋ. ಅವಳಿಗೆ ಕೊಟ್ಟು ಹೇಳು, ಹೆಸರು ಬಂದಿದೆ, ಜುಟ್ಟು ಇಲ್ಲೇ ಇದೆ ಅಂತ.

ಕವನ


ಮಾತಲೆ
13 ಅಕ್ಟೋಬರ್ 2024

ಕವನ,

ತೆಗೆದುಕೊಂಡಳು. ತಳದ ಅಕ್ಷರದ ಮೇಲೆ ಬೆರಳಿಟ್ಟು ಒಂದೊಂದನ್ನೇ ನನ್ನಿಂದ ಓದಿಸಿದಳು. ನಿಮ್ಮ ಅಕ್ಷರವೂ ನಮ್ಮದರ ಹಾಗೆ ಗುಂಡಗಿದೆ ಅಂದಳು. ಒಳಗೆ ಅಡಿಕೆ ತುಂಬಿ ಲೇತಿನ ಪಕ್ಕ ಇಟ್ಟುಕೊಂಡಳು. "ಈಗ ಜಗಳಕ್ಕೆ ಜನ ಸಿಕ್ಕಂತಾಯಿತು" ಅಂದಳು. ಇದನ್ನು ಅಬ್ಬುಗೆ ಹೇಳು, ಎರಡನೆಯದಕ್ಕೆ ಮರ ಹಾಕಲು ಬಿಡುತ್ತಾರೆ.

ಆದರೆ ನನಗೆ ಭಯ ಹತ್ತಿದೆ. ಎಲ್ಲ ಡಬ್ಬಿಗೂ ಮುದ್ರೆ ಒತ್ತುತ್ತೀಯ, ನನಗೆ ನೀನು ಗೊತ್ತು. ಏಜೆಂಟು ಬೇಡ ಅಂದರೆ? ಆರ್ಡರ್ ಬಿಡು ಅಂತ ನಾನು ಇಲ್ಲಿಂದ ಸುಲಭವಾಗಿ ಅಂದೆ. ಈಗ ಆ ಹೆಂಗಸರ ಮುಖ ಒಂದೊಂದೇ ನೆನಪಿಗೆ ಬರುತ್ತಿದೆ. ನನಗಾಗಿಯೋ ಕುಸುಮಾವತಿಗಾಗಿಯೋ ಏನೂ ಮಾಡಬೇಡ. ಅವಳೂ ನಿನ್ನ ದಯೆ ಕೇಳಿಲ್ಲ. ದಯೆ ತೋರಿಸಿದರೆ ಅವಳಿಗೆ ಸಿಟ್ಟು ಬರುತ್ತದೆ.

ಬೇಗ ಬರೆ. ಇಲ್ಲವೇ ಫೋನ್ ಮಾಡು.

ಇಕ್ರಾ


ಚನ್ನಪಟ್ಟಣ
1 ಡಿಸೆಂಬರ್ 2024

ಇಕ್ರಾ,

ಫೋನ್ ಮಾಡಿದರೆ ಅಳು ಬರುತ್ತದೆ, ಅದಕ್ಕೆ ಕಾಗದ.

ಸರಕು ತೆಗೆದುಕೊಂಡು ಹೋಗಲು ರುದ್ರಪ್ರಸಾದ್ ವ್ಯಾನು ತಂದಿದ್ದರು. ಮೊದಲ ಡಬ್ಬಿ ಎತ್ತಿದರು, ಹೊಳಪು ನೋಡಿ ತಲೆದೂಗಿದರು. ಬೋರಲು ಮಾಡಿದರು. ಇನ್ನೊಂದು ಎತ್ತಿದರು. ಮತ್ತೊಂದು. ಎಲ್ಲದರಲ್ಲೂ ಚನ್ನಪಟ್ಟಣ.

"ಏನ್ ಮೇಡಂ ಇದು? ಉಪ್ಪುಕಾಗದ ಹಾಕಿ ಉಜ್ಜಿ ತೆಗೀರಿ. ನಾಳೆ ಬತ್ತೀನಿ."

"ಸುಟ್ಟಿರೋ ಹೆಸ್ರು ಉಜ್ಜಿದ್ರೆ ಹೋಗಲ್ಲ ಸಾರ್."

"ಹಂಗಾದ್ರೆ ಮೇಲೆ ಒಸಿ ಕಪ್ಪು ಬಳೀರಿ."

ಆಗ ನಾನು ಹೇಳಿದೆ. ಎದುರುಬದುರು ನಿಂತೇ ಹೇಳಿದೆ. "ಸಾರ್, ಸುಂಕ ಉಳಿಸ್ಕೊಳಕೆ ನಮ್ಮೂರ ಹೆಸ್ರು ಬೇಕು, ಮಾರಕೆ ಬ್ಯಾಡ. ಎರಡು ದೇಶದ ದೊಡ್ಡೋರು ಕೂತು ಬರ್ದಿರೋ ಆ ಕಾಗದ ಕೇಳೋದು ಒಂದೇ ಮಾತು, ಇದು ಎಲ್ಲಿ ಹುಟ್ಟಿದ್ದು ಅಂತ. ಅಲ್ಲಿ ನಿಜ ಹೇಳಿದ್ರೆ ಅಂಗಡೀಲೂ ನಿಜ ಹೇಳಿ. ತಗೊಂಡ್ರೆ ಹೆಸ್ರಿನ ಜೊತೆ ತಗೊಳಿ, ಇಲ್ಲಾ ಬುಟ್ಟು ಹೋಗಿ."

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. "ನಿಮ್ಮ ಹೆಸ್ರಿದ್ರೆ ಅಲ್ಲಿ ಅಂಗಡಿಯೋನು ಇಳಿಸ್ಕೊಳಲ್ಲ ಮೇಡಂ. ನಿಮ್ಮ ಹಟ ಸರಿ, ಈ ಹೆಂಗಸ್ರ ಹೊಟ್ಟೆ?" ಅಂದರು. ನಾನು ಹಿಂದೆ ತಿರುಗಿದೆ. ವರಲಕ್ಷ್ಮಮ್ಮ ನೆಟ್ಟಗೆ ನನ್ನನ್ನೇ ನೋಡುತ್ತ, "ಬಳುದ್ರೆ ಏನಾಯ್ತದೆ ಕವನ, ಹೆಸ್ರು ತಿಂತೀವಾ?" ಅಂದಳು. ಭಾನುಪ್ರಿಯ "ನಾನಂತೂ ಬಳಿಯಲ್ಲ" ಅಂದಳು. ಉಳಿದವರು ಲೇತಿನ ಕಡೆ ತಿರುಗಿಕೊಂಡರು. ನಿಮ್ಮ ಅಬ್ಬು ಇನ್ನೊಂದು ಬೀಡಿ ಹಚ್ಚಿದರು, ಅಷ್ಟೇ. ಅವತ್ತು ಮಾತ್ರ ಅವರು ಮಾತಾಡಬೇಕಿತ್ತು ಅಂತ ನನಗೆ ಅನ್ನಿಸಿತು.

ವ್ಯಾನು ಖಾಲಿ ಹೋಯಿತು.

ಎರಡು ವಾರಕ್ಕೆ ಆ ಆರ್ಡರ್ ಹಿಂದಿನ ಬೀದಿಯ ರಾಮಲಿಂಗಯ್ಯನ ಷೆಡ್ಡಿಗೆ ಹೋಯಿತು. ವರಲಕ್ಷ್ಮಮ್ಮ ಅಲ್ಲಿಗೆ ಸೇರಿಕೊಂಡಳು, ಅವಳ ಜೊತೆ ಇನ್ನೊಬ್ಬಳು. ಬೈಯುವಂತಿಲ್ಲ, ಅವಳ ಮನೆ ನನಗೆ ಗೊತ್ತು. ಆದರೂ ರಾಮಲಿಂಗಯ್ಯನ ಬಾಗಿಲಿಗೆ ಹೋಗಿ ನಿಂತೆ. "ನೀನು ಬುಟ್ಟೆ, ನಾನು ಹಿಡ್ದೆ ಕಣವ್ವ. ನಾನು ಬುಟ್ರೆ ಇನ್ನೊಬ್ಬ ಹಿಡೀತಾನೆ" ಅಂದ. ಮೊದಲ ತುಂಡನ್ನು ಯಾರಿಗೆ ಕೊಟ್ಟೆ ಅಂತ ಕೇಳಿದೆ. ಅವನೂ ಪೀರ್ ಸಾಬರ ಹತ್ತಿರವೇ ಕಲಿತವನು. ತಿರುಗಿ ಲೇತು ಹಾಕಿದ. ಆ ಸದ್ದಿಗೆ ನನ್ನ ಮಾತು ನನಗೇ ಕೇಳದ ಹಾಗಾಯಿತು.

ಮನೆಗೆ ಬಂದು ಬಚ್ಚಲಲ್ಲಿ ಕೂತು ಅತ್ತೆ. ನಾನು ಸರಿ ಮಾಡಿದೆನಾ ಅಂತ ಅಲ್ಲ, ಸರಿ ಮಾಡಿದರೂ ಅಲ್ಲಿ ಆ ಮುದುಕಿಯ ಎದುರು ಬಂದು ಬೀಳುವ ನಕಲು ಡಬ್ಬಿ ಒಂದೂ ಕಡಿಮೆ ಆಗಲಿಲ್ಲವಲ್ಲ ಅಂತ.

ಮುದ್ರೆಯ ಡಬ್ಬಿಗಳು ನನ್ನಲ್ಲೇ ಇವೆ. ಹೈವೇ ಪಕ್ಕದ ಹಳೇ ಅಂಗಡಿಯೊಂದರಲ್ಲಿ ಇಟ್ಟು, ಮಾದರಿ ಲಂಕೆಯ ಮಾತಲೆಯದು, ಕೈ ಚನ್ನಪಟ್ಟಣದ್ದು ಅಂತ ಬೋರ್ಡು ಬರೆಸಿದ್ದೇನೆ. ದಿನಕ್ಕೆ ಒಂದೋ ಎರಡೋ ಹೋಗುತ್ತವೆ. ಮಾತಲೆ ಎಲ್ಲಿದೆ ಅಂತ ಕೇಳಿದವರಿಗೆಲ್ಲ ಹೇಳುತ್ತೇನೆ. ಲೇತು ನಿಂತಿಲ್ಲ.

ಸೋತಿಲ್ಲದ,
ಕವನ


ಮಾತಲೆ
19 ಜನವರಿ 2025

ಕವನ,

ನಿನ್ನ ಕಾಗದವನ್ನು ಎದೆಗೆ ಒತ್ತಿಕೊಂಡು ಕೂತಿದ್ದೆ. ಆಫ್ತಾಬ್ ನೋಡಿ, "ಕವನ ಬರೆದಿದ್ದಾಳಾ, ಹಾಗಾದರೆ ಊಟ ನಾನೇ ಬಡಿಸಿಕೊಳ್ಳುತ್ತೇನೆ" ಅಂದರು.

ಬೇರೆ ಷೆಡ್ಡಿನ ಡಬ್ಬಿಗಳು ಬಂದಿವೆ. ಕ್ಯಾಂಡಿಯ ಅಂಗಡಿಯಲ್ಲಿ ಗೋಪುರ ಕಟ್ಟಿ ಇಟ್ಟಿದ್ದಾನೆ. ಕುಸುಮಾವತಿಗೆ ಹೇಳಬಾರದು ಅಂದುಕೊಂಡಿದ್ದೆ, ಅವಳಿಗೆ ನನಗಿಂತ ಮುಂಚೆಯೇ ಗೊತ್ತಿತ್ತು. ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದಳು. ಅಂಗಡಿಯ ನಡುವೆ ನಿಂತು ಒಂದೊಂದೇ ಡಬ್ಬಿ ಎತ್ತಿ, ತಳ ತಿರುಗಿಸಿ, ಗಿರಾಕಿಗಳಿಗೆ ಕೇಳುವ ಹಾಗೆ ಜೋರಾಗಿ "ಹೆಸರಿಲ್ಲ" ಅನ್ನುತ್ತ ಇಟ್ಟಳು. ಎತ್ತುವುದು, ಹೆಸರಿಲ್ಲ, ಇಡುವುದು. ಯಾರೋ ಬಿಳಿ ಹೆಂಗಸೊಬ್ಬಳು ಕೈಯಲ್ಲಿದ್ದುದನ್ನು ತಾನೂ ಬೋರಲು ಮಾಡಿ ನೋಡಿ ವಾಪಸ್ ಇಟ್ಟಳು. ಕಾವಲಿನವನು ಬಂದು ಇಬ್ಬರನ್ನೂ ಹೊರಗೆ ಕಳಿಸಿದ. ಬೀದಿಯಲ್ಲಿ ನಿಂತು ನಕ್ಕಳು, ನಾನು ಅವಳು ನಗುವುದನ್ನು ಅಲ್ಲಿಯವರೆಗೆ ನೋಡಿರಲಿಲ್ಲ.

ನೀನು ಆರ್ಡರ್ ಬಿಟ್ಟ ವಿಷಯ ಹೇಳಿದೆ. ಹೊಗಳುತ್ತಾಳೆ ಅಂದುಕೊಂಡಿದ್ದೆ. "ಬಿಟ್ಟು ಮನೆಯಲ್ಲಿ ಕೂತರೆ ಯಾರಿಗೆ ಲಾಭ?" ಅಂದಳು. ಆಮೇಲೆ ಹೇಳಿದಳು: ಏಪ್ರಿಲ್‌ನಲ್ಲಿ ಇಲ್ಲಿ ಹೊಸ ವರ್ಷಕ್ಕೆ ಕರಕುಶಲ ಮೇಳ ಆಗುತ್ತದೆ, ಒಂದು ಸಾಲು ಇಲ್ಲಿನವರಿಗೆ, ಎದುರು ಸಾಲು ಹೊರಗಿನವರಿಗೆ. "ನನ್ನ ಮಳಿಗೆಯಲ್ಲಿ ಅವಳಿಗೆ ಜಾಗ ಕೊಡುವುದಿಲ್ಲ. ಎದುರು ಸಾಲಿನಲ್ಲಿ ಖಾಲಿ ಇದೆ. ಅವಳದೇ ಊರಿನ ಸಾಮಾನು, ಅವಳದೇ ಹೆಸರು. ಧೈರ್ಯ ಇದ್ದರೆ ಬರಲಿ."

ನಾನು ಕರೆಯುತ್ತಿಲ್ಲ ಕವನ. ಅವಳು ಸವಾಲು ಹಾಕಿದ್ದನ್ನು ತಿಳಿಸಿದ್ದೇನೆ, ಅಷ್ಟೇ.

ಇಕ್ರಾ


ಚನ್ನಪಟ್ಟಣ
2 ಮಾರ್ಚ್ 2025

ಇಕ್ರಾ,

ಪಾಸ್‌ಪೋರ್ಟ್ ಬಂತು. ವಿಚಾರಣೆಗೆ ಮನೆಗೆ ಬಂದ ಪೊಲೀಸಪ್ಪ "ಲಂಕೆಗೆ ಯಾತುಕ್ಕಕ್ಕ ಹೋಗೋದು, ಕೆಲ್ಸುಕ್ಕಾ?" ಅಂದ. "ಜಗಳಕ್ಕೆ" ಅಂದೆ. ಶಂಭುಲಿಂಗ ಅಡ್ಡ ಬಾಯಿ ಹಾಕಿ ಮೇಳಕ್ಕೆ ಅಂತ ಬರೆಸಿದ. ಅಮ್ಮ ಸಮುದ್ರ ದಾಟಬಾರದು ಅಂತ ಒಂದು ವಾರ ಮುನಿಸಿಕೊಂಡಿದ್ದಳು. ಆಮೇಲೆ ಚಕ್ಕುಲಿ ಸುಡಲು ಕೂತಳು, ನಿನಗೆ ಅಂತ ಬೇರೆ ಡಬ್ಬ.

ಸರಕಿಗೆ ನಾನೇ ಬೆಂಗಳೂರಿನ ಕಚೇರಿಗೆ ಹೋಗಿ ಸರ್ಟಿಫಿಕೇಟ್ ಕೇಳಿದೆ. ಕೌಂಟರಿನಲ್ಲಿದ್ದವನು ಕನ್ನಡಕ ಏರಿಸಿ, ನಾಲ್ಕು ಪೆಟ್ಟಿಗೆ ಗೊಂಬೆಗೆ ಯಾರಮ್ಮ ಇದನ್ನ ಮಾಡಿಸ್ತಾರೆ, ಇದು ಕಂಟೇನರ್ ಪಾರ್ಟಿಗಳಿಗೆ ಅಂದ. ನಾನು ಮಾಡಿಸುತ್ತೇನೆ ಅಂದೆ. ಮೂರು ಸಲ ಓಡಾಡಿಸಿದ, ಮೂರು ಸಲವೂ ಹೋದೆ. ಒಪ್ಪಂದ ದೊಡ್ಡ ದೇಶಕ್ಕೂ ಚಿಕ್ಕ ದೇಶಕ್ಕೂ ಅಂತಾರಲ್ಲ, ಅದರಲ್ಲಿ ನನ್ನಂಥವಳೂ ಇದ್ದಾಳೆ ಅಂತ ಆ ಕಚೇರಿಗಾದರೂ ಗೊತ್ತಾಗಲಿ. ಸರಕು ಎಲ್ಲಿ ಹುಟ್ಟಿದ್ದು ಅನ್ನುವ ಕಡೆ ನನ್ನ ಕೈಯಿಂದಲೇ ಬರೆದೆ. ಗೊಂಬೆಯ ತಳದಲ್ಲಿ ಏನಿದೆಯೋ ಅದನ್ನೇ.

ತರುತ್ತಿರುವುದು ನಮ್ಮವೇ. ಕುದುರೆ, ಬುಗುರಿ, ಗಿಲಕಿ, ಮದುವೆಯ ಜೋಡಿ. ಮಾತಲೆಯ ಪಟ್ಟೆಯ ಒಂದು ಡಬ್ಬಿಯೂ ಇಲ್ಲ. ಅದನ್ನು ಇಲ್ಲಿ ಹೈವೇಯಲ್ಲಿ ಮಾರುತ್ತೇನೆ, ಅವಳ ಊರಿನ ಹೆಸರು ಹೇಳಿ. ಅಲ್ಲಿ ಅವಳ ಎದುರು ಅವಳದನ್ನೇ ಮಾರುವಷ್ಟು ಬಡತನ ನನಗೆ ಬಂದಿಲ್ಲ. ಷೆಡ್ಡನ್ನು ಭಾನುಪ್ರಿಯ ನೋಡಿಕೊಳ್ಳುತ್ತಾಳೆ. ಮೇಳದಲ್ಲಿ ಗಿಟ್ಟದಿದ್ದರೆ ಬಂದಮೇಲೆ ಷೆಡ್ಡು ಮುಚ್ಚಬೇಕಾಗಬಹುದು. ಅದು ಅವಳಿಗೂ ಗೊತ್ತು, ನನಗೂ ಗೊತ್ತು, ಅದಕ್ಕೇ ಇಬ್ಬರೂ ಆ ಮಾತೆತ್ತುವುದಿಲ್ಲ.

ನಿನಗೊಂದು ಕೆಲಸವಿದೆ. ನಡುವೆ ಕೂತು ಇಬ್ಬರ ಮಾತನ್ನೂ ಹೇಳಬೇಕು. ನನ್ನದನ್ನು ಮೆತ್ತಗೆ ಮಾಡಿ ಹೇಳಬೇಡ, ಅವಳದನ್ನೂ ಮಾಡಬೇಡ.

ಕುಸುಮಾವತಿಗೆ ಹೇಳು, ಅವಳ ಮಳಿಗೆಯಲ್ಲಿ ನನಗೆ ಜಾಗ ಬೇಡ. ಎದುರು ಸಾಲೇ ಸಾಕು. ಗಿರಾಕಿ ಎರಡೂ ಕಡೆ ಬರಲಿ, ಎರಡನ್ನೂ ಬೋರಲು ಮಾಡಿ ನೋಡಲಿ, ಯಾರದು ಬೇಕೋ ಕೊಂಡುಕೊಂಡು ಹೋಗಲಿ. ಮೊದಲ ದಿನ ಅವಳದೇ ಹೆಚ್ಚು ಮಾರಾಟವಾದರೆ ನಾನು ಅಳುವುದಿಲ್ಲ. ಮಾರನೆಯ ದಿನ ಅವಳಿಗಿಂತ ಮುಂಚೆ ಅಂಗಡಿ ತೆಗೆಯುತ್ತೇನೆ.

ಬರುತ್ತಿರುವ,
ಕವನ